ಕಾಯಿಲೆ ಇಲ್ಲದವರನ್ನು ಹುಡುಕುತ್ತ

ಹೃದಯದ ಕಾಯಿಲೆಗಳ ಬಗ್ಗೆ ಓದು ಮುಗಿಸಿ ನಾನು ಶಿರಾದ ಆಸ್ಪತ್ರೆಗೆ ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ಓದುವಾಗ ನಾನು ಕಂಡ ರೋಗಿಗಳೆಲ್ಲ ಎದೆ ಹಿಡಿದುಕೊಂಡೇ ಬಂದವರು. ಅವರ ರಕ್ತದೊತ್ತಡವನ್ನು ಯಾರಾದರೂ ಕೆಲವು ವರ್ಷ ಮುಂಚೆ ನೋಡಿದ್ದರೆ ಎಷ್ಟೋ ಮಂದಿ ಉಳಿಯುತ್ತಿದ್ದರು ಎಂಬ ಕೊರಗು ನನಗೆ. ಹಾಗಾಗಿ ಸಂತೆಯ ದಿನ ಬಿ.ಪಿ. ನೋಡುವ ಪೆಟ್ಟಿಗೆ ಹಿಡಿದು ಒಂದು ಬಟ್ಟೆ ಅಂಗಡಿಯ ಜಗಲಿಯಲ್ಲಿ ಕೂತು, ಗಟ್ಟಿಮುಟ್ಟಾಗಿರುವವರೇ ಬನ್ನಿ ಎಂದು ಕರೆದೆ.

ಯಾರೂ ಬರಲಿಲ್ಲ. ಕಳ್ಳಂಬೆಳ್ಳದ ಕಡೆಯ ಇಬ್ಬರು ರೈತರು ದೂರದಲ್ಲಿ ನಿಂತು ಆಡಿಕೊಂಡ ಮಾತು ಕಿವಿಗೆ ಬಿತ್ತು.

“ಕಾಯ್ಲೆ ಇಲ್ದೋರ್ನ ಯಾಕ್ಲಾ ಹುಡುಕ್ತಾನೆ ಇವ್ನು?”

“ಮಕ್ಕಳಾಗ್ದಂಗೆ ಮಾಡಕ್ಕೆ ಕಣ್ಲಾ. ಆ ಪಟ್ಟಿ ಕಟ್ಟಿ ಗಾಳಿ ಒತ್ಬುಟ್ರೆ ಮುಗೀತು. ನಡಿ ನಡಿ.”

ಕುಟುಂಬ ಯೋಜನೆಯ ಸುದ್ದಿ ಹಳ್ಳಿಗಳಿಗೆ ಆಗಷ್ಟೇ ಮುಟ್ಟುತ್ತಿತ್ತು. ಡಾಕ್ಟರು ಎಂದರೆ ಎಲ್ಲರಿಗೂ ಅದೇ ದಿಗಿಲು.

ಜಗಲಿ ಕೊಟ್ಟ ಅಂಗಡಿಯ ಸಾಹೇಬರೂ ನನ್ನನ್ನು ನಂಬಿರಲಿಲ್ಲ. ಮೂಲೆಯಿಂದ ನನ್ನನ್ನೇ ನೋಡುತ್ತಿದ್ದವರು ಒಂದು ದಿನ “ನಂದು ನೋಡಿ ಡಾಕ್ಟರ್ ಸಾಬ್, ನಾನೇನು ಹೆದರಲ್ಲ” ಎಂದು ತೋಳು ಚಾಚಿದರು. ಪಾದರಸ ಏರಿ ನಿಂತ ಎತ್ತರ ಕಂಡು ನನಗೆ ಗಾಬರಿಯಾಯಿತು. ಒತ್ತಡ ತೀರಾ ಹೆಚ್ಚಿದೆ ಎಂದು ಹೇಳಿದೆ.

“ಹೊಲಕ್ಕೆ ಹೋಗೋರಿಗಿಂತ ಗಟ್ಟಿ ಇದೀನಿ. ನಿಮ್ಮ ಮೆಷಿನ್ನೇ ಸರಿ ಇಲ್ಲ.”

ಕೆಲವು ದಿನಗಳ ನಂತರ ಮಧುಗಿರಿಯಲ್ಲಿ ಡಾಕ್ಟರಾಗಿದ್ದ ನನ್ನ ಗೆಳೆಯ ಸಿಕ್ಕಿ ನಕ್ಕ. ಸಾಹೇಬರು ಬಸ್ಸು ಹತ್ತಿ ಅವನ ಬಳಿ ಹೋಗಿ, ಶಿರಾದ ಹೊಸ ಡಾಕ್ಟರು ಸುಳ್ಳು ಹೇಳುವಂತಿದೆ, ನೀವೊಮ್ಮೆ ನೋಡಿ ಎಂದಿದ್ದರಂತೆ. ಅಲ್ಲೂ ಪಾದರಸ ಅಷ್ಟೇ ಏರಿತ್ತು.

ಆಮೇಲೆ ಅವರು ಒಪ್ಪಿಕೊಂಡರು. ಸರ್ಪಗಂಧದ ಮಾತ್ರೆ ಕೊಟ್ಟು, ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಲು ಹೇಳಿದೆ. ಮಾತ್ರೆಯನ್ನು ತಿರುಗಿಸಿ ನೋಡಿ “ಹೆಸರಲ್ಲೇ ಹಾವಿದೆಯಲ್ಲ” ಎಂದರು. ಆದರೂ ಮುಗಿದ ಕೂಡಲೇ ಮತ್ತೆ ಕೇಳಿ ಒಯ್ಯುತ್ತಿದ್ದರು. ತಿಂಗಳುಗಳು ಕಳೆದರೂ ಒತ್ತಡ ಮಾತ್ರ ಇಳಿಯಲಿಲ್ಲ. ಈಗ ಅನುಮಾನ ಪಡುವ ಸರದಿ ನನ್ನದು.

“ದಿನಾ ನುಂಗ್ತಿದ್ದೀರಾ ಸಾಹೇಬರೇ?”

“ಖುದಾ ಕಸಮ್, ಒಂದು ಮಾತ್ರೇನೂ ಬಿಸಾಕಿಲ್ಲ.”

ನಾನು ಕೇಳಿದ್ದು ನುಂಗುವ ವಿಷಯ, ಅವರು ಹೇಳಿದ್ದು ಬಿಸಾಕುವ ವಿಷಯ. ಅದು ತಲೆಯಲ್ಲಿ ಕೊರೆಯತೊಡಗಿ, ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ಹೆಂಡತಿಯ ದನಿ ಬಂತು: “ಆ ಮಾತ್ರೆ ತಗೊಂಡ್ರೆ ತಲೆನೋವು ಸ್ವಲ್ಪ ಕಮ್ಮಿ. ಇನ್ನೂ ಕೊಡೋಕೆ ಹೇಳಿ ಅವರಿಗೆ.”

ಸಾಹೇಬರು ನೆಲ ನೋಡಿದರು. “ನನಗೆ ಎಲ್ಲೂ ನೋವಿಲ್ಲ ಸಾಬ್. ನೋವಿರೋದು ಅವಳಿಗೆ, ವರ್ಷಗಳಿಂದ. ಗಂಡಸು ಡಾಕ್ಟರಿಗೆ ತೋರಿಸಲ್ಲ ಅಂತಾಳೆ. ನೋವಿರೋರಿಗೆ ತಾನೇ ಔಷಧಿ?”

ನನಗೆ ಸಿಟ್ಟು ಬರಲಿಲ್ಲ, ಆ ತಲೆನೋವೂ ಒತ್ತಡದ್ದೇ ಇರಬಹುದು ಎಂದು ಭಯವಾಯಿತು. “ಮುಖ ತೋರಿಸೋದು ಬೇಡಮ್ಮ, ಕೈ ಚಾಚಿ ಸಾಕು” ಎಂದೆ. ಸಾಹೇಬರು ಎದ್ದು ಒಳಗೆ ಹೋದರು, ಉರ್ದುವಿನಲ್ಲಿ ಗಂಡಹೆಂಡಿರ ಪಿಸುಮಾತು ಬಹಳ ಹೊತ್ತು ನಡೆಯಿತು. ಕೊನೆಗೆ, ತೋಳು ಮೇಲಕ್ಕೆ ಮಡಚಿಕೊಂಡ ಬಳೆಗೈಯೊಂದು ಪರದೆಯ ಸಂದಿನಿಂದ ಹೊರಬಂತು. ಮಾತ್ರೆ ನುಂಗಿಯೂ ಆಕೆಯ ಒತ್ತಡ ಗಂಡನದನ್ನು ಮೀರಿಸಿತ್ತು. ಹಾಗೆಂದು ಹೇಳಿದೆ.

“ಅವರದಕ್ಕಿಂತ ಜಾಸ್ತೀನಾ?” ಎಂದು ಆಕೆ ಕೇಳಿದರು.

“ಹೌದಮ್ಮ. ಹೀಗೇ ಬಿಟ್ಟರೆ ಲಕ್ವ ಹೊಡೀಬಹುದು. ಅವರದು ಬಿಟ್ಟರೆ ಎದೆಗೆ ತಾಗಬಹುದು.”

ಪರದೆಯ ಹಿಂದಿನಿಂದ ಕೂಡಲೇ ಮಾತು ಬಂತು: “ಹಾಗಾದ್ರೆ ಇವತ್ತಿಂದ ಇಬ್ಬರ ಊಟಕ್ಕೂ ಉಪ್ಪು ಕಮ್ಮಿ. ಮಾತ್ರೆ ಬೇರೆ ಬೇರೆ ಕೊಡಿ. ಅವರು ನುಂಗೋದನ್ನ ನಾನು ನಿಂತು ನೋಡ್ತೀನಿ.”

ನೋಡಿಯೇ ನೋಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರದೂ ಇಳಿದಿತ್ತು. ಆಕೆಯ ಮಾತು ಕೇಳಿ ಆ ಬೀದಿಯ ಹೆಂಗಸರೂ ಅದೇ ನಡುಮನೆಗೆ ಬಂದು ಕೈ ಚಾಚಿದರು. ಅವರು ತಮ್ಮ ಗಂಡಂದಿರನ್ನು ಅಂಗಡಿಯ ಜಗಲಿಗೆ ಅಟ್ಟಿದರು. ನನಗೆ ಪಾವಗಡಕ್ಕೆ ವರ್ಗವಾದ ಮೇಲೂ ಸಾಹೇಬರು ಆಗಾಗ ಹೆಂಡತಿಯನ್ನು ಬಸ್ಸಿನಲ್ಲಿ ಕರೆತರುತ್ತಿದ್ದರು. ಆಕೆ ನನ್ನೆದುರೇ ಕೂತು ಬುರ್ಖಾದ ತೋಳು ತಾವೇ ಮಡಚಿಕೊಂಡು, “ಮೊದಲು ಅವರದು ನೋಡಿ” ಎನ್ನುತ್ತಿದ್ದರು.