ಕುಂಡಕ್ಕೆ ಒಗ್ಗದ ಹೊಲದ ಮಣ್ಣು

ಮಾಗಿ ಚಳಿಯ ಬೆಳಗಿನ ಆರು ಗಂಟೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಪಕ್ಕದ ನರ್ಸರಿಯಲ್ಲಿ ಮುನಿಯಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣಿನ ರಾಶಿಯ ಮುಂದೆ ಕೂತಿದ್ದಾರೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ, ಒಂದಿಷ್ಟು ಮರಳು ಬೆರೆಸಿ, ನೀರು ಚಿಮುಕಿಸಿ, ಒಂದು ಹಿಡಿ ತೆಗೆದು ಅದುಮುತ್ತಾರೆ. ಉಂಡೆ ಕಟ್ಟಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಉದುರದಿದ್ದರೆ ಇಡೀ ರಾಶಿಯನ್ನು ಮತ್ತೆ ಮಗುಚುತ್ತಾರೆ.

"ಮುದ್ದೆಯಾದ್ರೆ ಬೇರಿಗೆ ಉಸಿರು ಕಟ್ತದೆ, ತೀರಾ ಪುಡಿಯಾದ್ರೆ ನೀರು ನಿಲ್ಲಲ್ಲ. ಮಣ್ಣಿನ ಅದ ಅನ್ನೋದು ಇಂಗೆ ಕೈಗೇ ಗೊತ್ತಾಗ್ಬೇಕು ಕಣಪ್ಪ," ಎನ್ನುತ್ತಾರೆ.

ದಿನಕ್ಕೆ ನಲವತ್ತು ಚೀಲದಂತೆ ಹದಿನೆಂಟು ವರ್ಷದಿಂದ ಇದೇ ಕೆಲಸ. ನಾರಿನ ಪುಡಿಯ ಉಪ್ಪು ಬಿಡುವ ತನಕ ಮೂರು ಸಲ ತೊಳೆಯುವುದೂ ಇವರೇ. ಬಾಲ್ಕನಿಯಲ್ಲಿ ಗುಲಾಬಿ ಅರಳಿದರೆ ಜನ ಗಿಡದ ಫೋಟೊ ತೆಗೆಯುತ್ತಾರೆ, ಮಣ್ಣು ಕಲೆಸಿದವರನ್ನು ಯಾರು ಕೇಳುತ್ತಾರೆ? ನರ್ಸರಿಯ ಒಡತಿ ಧನಲಕ್ಷ್ಮಿ ಮಿಶ್ರಣದ ಪ್ರಮಾಣವನ್ನು ನೀಟಾಗಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಸಂಶಯ ಬಂದಾಗ ಮಾತ್ರ ಗೋಡೆಯನ್ನು ಬಿಟ್ಟು ಮುನಿಯಲ್ಲಮ್ಮನನ್ನು ಕೇಳುತ್ತಾರೆ.

ಅಲ್ಲಾಳಸಂದ್ರದಲ್ಲಿ ಇವರ ಮನೆಯವರಿಗೆ ಎರಡೆಕರೆ ಹೊಲವಿತ್ತು. ರಾಗಿ ಸಾಲುಗಳ ನಡುವೆ ಅವರೆ ಬೆಳೆಯುತ್ತಿದ್ದರು. ಅಣ್ಣತಮ್ಮಂದಿರಲ್ಲಿ ಭಾಗವಾಗಿ, ಮಾರಾಟವಾಗಿ, ಅಲ್ಲೀಗ ಹನ್ನೆರಡು ಮಹಡಿ ಎದ್ದಿದೆ. ಪಾಯ ತೋಡಿದ ದಿನ ಮುನಿಯಲ್ಲಮ್ಮ ಹೋಗಿ ಎರಡು ಚೀಲ ಮಣ್ಣು ಹೊತ್ತು ತಂದರು. ಊರಿಗೆಲ್ಲ ಹದ ಹೇಳುವ ಕೈ ಆ ಮಣ್ಣಿಗೆ ಮಾತ್ರ ಏನನ್ನೂ ಬೆರೆಸಲಿಲ್ಲ. ಸ್ವಲ್ಪ ಉಳಿಸಿಕೊಂಡು, ಮಿಕ್ಕಿದ್ದನ್ನು ಇದ್ದ ಹಾಗೇ ಕುಂಡಗಳಿಗೆ ತುಂಬಿ ಅವರೆ ಬಿತ್ತಿದರು. ನೇಗಿಲು, ಎರೆಹುಳು, ಆಳ ಎಲ್ಲ ಕಂಡಿದ್ದ ಮಣ್ಣು ಕುಂಡದಲ್ಲಿ ಇಟ್ಟಿಗೆಯಂತಾಯಿತು. ನೀರು ಮೇಲೆಯೇ ನಿಂತು ಬಳ್ಳಿ ಕೊಳೆಯಿತು.

"ಗೊತ್ತಿದ್ದೂ ತಪ್ಪು ಮಾಡ್ದೆ. ಬೇರೇದು ಸೇರ್ಸಿದ್ರೆ ಅದು ನಮ್ ಒಲದ ಮಣ್ಣಾಗಿ ಉಳೀತದಾ ಅಂತ."

ಅಂದಿನಿಂದ ನರ್ಸರಿಯ ಮೂಲೆಯಲ್ಲಿ ವರ್ಷಕ್ಕೊಂದು ಅವರೆಯ ಕುಂಡ. ಎಲ್ಲರ ಕುಂಡದ ಮಿಶ್ರಣವೇ, ಜೊತೆಗೆ ಎರಡು ಬೊಗಸೆ ಹೊಲದ ಮಣ್ಣು. ಬಳ್ಳಿ ಹಬ್ಬುತ್ತದೆ, ಕಾಯಿಯೂ ಬಿಡುತ್ತದೆ. ಸುಲಿದ ಬೆರಳಿಗೆ ಸಂಜೆಯ ತನಕ ಅಂಟಿರುತ್ತಿದ್ದ ಆ ಹೊಲದ ಅವರೆಯ ಸೊಗಡು ಮಾತ್ರ ಬರುವುದಿಲ್ಲ. ಅದಕ್ಕಾಗಿ ಮುನಿಯಲ್ಲಮ್ಮನ ಜೀವ ಹಂಬಲಿಸುತ್ತದೆ. ಸೊಗಡು ಬರುವುದು ಮಂಜಿನಿಂದ, ತಳಿಯಿಂದ ಎಂದು ಧನಲಕ್ಷ್ಮಿ ವಿವರಿಸಿದ್ದಾರೆ. ಮುನಿಯಲ್ಲಮ್ಮ ಹೂಂಗುಟ್ಟಿ, ಈ ಆಷಾಢದಲ್ಲಿ ಚೀಲ ಕೊಡವಿ ಕೊನೆಯ ಬೊಗಸೆಯನ್ನೂ ಹಾಕಿಬಿಟ್ಟರು.

ಇವತ್ತು ಮೊದಲ ಕಾಯಿ ಬಲಿತಿದೆ. ಕಿತ್ತು, ಸುಲಿದು, ಬೆರಳನ್ನು ಮೂಗಿನ ಹತ್ತಿರ ಬಹಳ ಹೊತ್ತು ಹಿಡಿಯುತ್ತಾರೆ. ಸೊಗಡು ಬಂತೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಕಾಳನ್ನು ಮುಂದಿನ ವರ್ಷದ ಬೀಜಕ್ಕೆಂದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

ಹೊಲದ ಮಣ್ಣೇ ಮುಗಿಯಿತಲ್ಲ, ಇನ್ನೆಲ್ಲಿ ಬಿತ್ತುತ್ತೀರಿ ಎಂಬ ಪ್ರಶ್ನೆಗೆ ಮತ್ತೊಂದು ಹಿಡಿ ಅದುಮುತ್ತಲೇ ಉತ್ತರ ಬರುತ್ತದೆ: "ಯಾವ್ದಾದ್ರೂ ನೆಲ ಆಗ್ಲಿ, ಒಂದೇ ಸಾಲು ಸಾಕು. ಬೇರು ಎಷ್ಟ್ ಇಳಿದ್ರೂ ಕುಂಡದಂಗೆ ತಳ ಸಿಗ್ಬಾರ್ದು, ಅಷ್ಟೇ."