ಬಂದೂಕಿನ ಅಳತೆ

ಸೋಫಾದಿಂದ ಹಿಡಿದು ಸ್ಕೂಟರ್ ಸೀಟಿನವರೆಗೆ ಎಲ್ಲಕ್ಕೂ ಕವರ್ ಹೊಲಿದವಳು ನಾನು. ಅಳತೆ ತೆಗೆಯಲು ಹಿಂಜರಿದದ್ದು ಬಸವೇಶ್ವರನಗರದ ಹಳೇ ಬಂದೂಕುಗಳ ಕ್ಲಬ್ಬಿನಲ್ಲಿ ಮಾತ್ರ.

ಅದನ್ನು ನಡೆಸುವ ಮೇಷ್ಟ್ರು ಕಮ್ಯುನಿಸ್ಟರ ಕಾಲದಲ್ಲಿ ರಷ್ಯಾದಲ್ಲಿ ಓದಿದವರು. ಅಲ್ಲಿನ ಶೂಟಿಂಗ್ ಕ್ಲಬ್ಬಿನ ನಿಯಮಗಳನ್ನೇ ಇಲ್ಲಿಗೂ ತಂದಿದ್ದರು. ಕವರ್ ಬೇಕಿದ್ದ ಮಹಾಯುದ್ಧದ ಕಾಲದ ರೈಫಲ್ಲೊಂದನ್ನು ಮೇಜಿನ ಮೇಲಿಟ್ಟು, ಗುಂಡು ತುಂಬುವ ಕಡೆಯ ಬೋಲ್ಟು ಹಿಂದಕ್ಕೆಳೆದು ಒಳಗೆ ನೋಡಿ, ಖಾಲಿ ಇದೆ ಅಂದರು. ನಾನು ಟೇಪು ಬಿಚ್ಚಿದೆ.

“ತಾಳಿ ಅಮ್ಮ. ಗುಂಡು ಕೂರೋ ಜಾಗಕ್ಕೆ ಕಿರುಬೆರಳು ಹಾಕಿ ನೀವೂ ನೋಡಿ.”

“ನೀವೇ ನೋಡಿದ್ರಲ್ಲ ಸಾರ್?”

“ನನ್ನ ಮಾತು ನಂಬಬಾರದು. ಆ ದೇಶದಲ್ಲಿ ದೊಡ್ಡವರು ಹೇಳಿದ್ದನ್ನೆಲ್ಲ ನಂಬಬೇಕಿತ್ತು. ಕ್ಲಬ್ಬಲ್ಲಿ ಮಾತ್ರ ಯಾರನ್ನೂ ನಂಬೋ ಹಾಗಿರಲಿಲ್ಲ. ಹೆದರಿಕೆನಾ?”

“ಹೆದರಿಕೆನಾ? ನಂಗಾ?” ಅಂದೆ. ಬೆನ್ನೆಲ್ಲ ಬೆವತಿತ್ತು. ಬೆರಳು ಹಾಕಿದೆ. ಒಳಗೆ ತಣ್ಣಗಿತ್ತು. ತುದಿಗೆ ಏನೋ ತಗುಲಿತು.

“ಸಾರ್, ಏನೋ ಇದೆ.”

ಮೇಷ್ಟ್ರ ಮುಖ ಬಿಳಿಚಿತು. “ಅಲ್ಲಾಡಬೇಡಿ!”

ಈ ಬೆರಳು ಹೋದರೆ ಮಷಿನ್ನಿನ ಮೇಲೆ ಬಟ್ಟೆ ಹಿಡಿಯುವುದು ಹೇಗೆ ಎಂಬುದೊಂದೇ ತಲೆಯಲ್ಲಿತ್ತು. ಅವರು ನನ್ನ ಕೈಯನ್ನು ಮೆಲ್ಲಗೆ ಎಳೆದು, ಚಿಮಟದಿಂದ ಅದನ್ನು ಹೊರತೆಗೆದರು. ಒರೆಸುವಾಗ ಸಿಕ್ಕಿಕೊಂಡಿದ್ದ ಎಣ್ಣೆಬಟ್ಟೆಯ ಚೂರು.

“ನೋಡಿದ್ರಾ, ಇದಕ್ಕೇ ನಿಯಮ ಇರೋದು,” ಎಂದು ನಕ್ಕರು. ನಗುತ್ತಲೇ ತಾವೂ ಎರಡು ಸಲ ಬೆರಳು ಹಾಕಿ ನೋಡಿದರು.

ಆಮೇಲೆ ಹಿಡಿಯ ಕಡೆಯಿಂದ ನಡುವಿನವರೆಗೆ ಅಳೆದೆ. ಉಳಿದದ್ದು ಅಂದಾಜು. ಹೊಲಿದು ತಂದಾಗ ಕವರ್ ಒಂದು ಗೇಣು ಹೆಚ್ಚಾಯಿತು.

“ಉದ್ದ ಆಯ್ತಲ್ಲಮ್ಮ?”

“ಕ್ಯಾನ್ವಾಸ್ ಸಾರ್, ಒಗೆದ್ರೆ ಕುಗ್ಗುತ್ತೆ,” ಅಂದೆ. ಬಂದೂಕಿನ ಮೂತಿ ಕಡೆ ಹೋಗೋಕೆ ಕಾಲೇ ಬರಲಿಲ್ಲ ಅಂತ ಗಿರಾಕಿಗೆ ಹೇಳೋಕಾಗುತ್ತಾ?