ಮಗಳ ಬುಟ್ಟಿಯ ಒಂಬತ್ತು ದಿನ

ಕೋಲಾರದ ಆ ಕಾಲೇಜಿನಲ್ಲಿ ಸರಳಾ ಮೇಡಂ ಎಲ್ಲಿ ಎಂದು ಯಾರನ್ನು ಕೇಳಿದರೂ ರಸಾಯನಶಾಸ್ತ್ರ ವಿಭಾಗದ ಮೂಲೆಯ ಕೋಣೆಯತ್ತ ಕೈ ತೋರಿಸುತ್ತಾರೆ. ಹದಿನೇಳು ವರ್ಷದಿಂದ ಅವಳು ಬೀಡುಬಿಟ್ಟಿರುವುದು ಅಲ್ಲೇ. ಹುಟ್ಟೂರು ಶ್ರೀನಿವಾಸಪುರದ ಕಡೆ ಗೌನಿಪಲ್ಲಿ, ಓದಿದ್ದು ಪಾಲಿಮರ್ ರಸಾಯನಶಾಸ್ತ್ರ. ಹಾಗಂದರೇನು ಎಂದು ಊರವರು ಕೇಳಿದರೆ, "ಚಿಕ್ಕ ಚಿಕ್ಕ ಕೊಂಡಿ ಸೇರಿಸಿ ಉದ್ದ ಸರ ಮಾಡೋದು" ಎನ್ನುತ್ತಿದ್ದಳು. "ಹೂ ಕಟ್ಟೋಕೆ ಇಷ್ಟು ವರ್ಷ ಓದ್ಬೇಕೇನಮ್ಮಾ?" ಎಂದು ಅಪ್ಪ ಆಂಜಿನಪ್ಪ ರೇಗಿಸುತ್ತಿದ್ದ.

ಬೆಂಗಳೂರಿನಲ್ಲಿ ಪಿಎಚ್‌.ಡಿ. ಮಾಡುವಾಗ ಅವಳ ಕೈಗೆ ಹೊರದೇಶದ ರಾಸಾಯನಿಕಗಳು ಸಿಗುತ್ತಿದ್ದವು. ಕೋಲಾರಕ್ಕೆ ಬಂದರೆ ಇದ್ದದ್ದೇನು? ಒಂದು ಹಳೆಯ ತಕ್ಕಡಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಫ್ರಿಜ್ಜು. ಅಳುತ್ತ ಕೂರುವ ಜಾತಿಯವಳಲ್ಲ ಇವಳು. ಒಂದು ದಿನ ರೇಷ್ಮೆ ನೂಲು ತೆಗೆಯುವಲ್ಲಿಗೆ ಹೋದಾಗ, ಗೂಡು ಬೇಯಿಸಿದ ನೀರನ್ನು ಚರಂಡಿಗೆ ಚೆಲ್ಲುವುದನ್ನು ಕಂಡಳು. ಆ ನಾರುವ ನೀರಿನಲ್ಲಿ ರೇಷ್ಮೆಯ ಅಂಟಿರುತ್ತದೆ, ಸೆರಿಸಿನ್ ಎಂದು ಅದರ ಹೆಸರು. ಅದೂ ಪಾಲಿಮರ್ರೇ, ಹುಳು ಪುಕ್ಕಟೆ ಮಾಡಿಕೊಟ್ಟದ್ದು! ಎರಡು ಕ್ಯಾನು ತುಂಬಿಸಿಕೊಂಡು ಬಸ್ಸು ಹತ್ತಿದಳು. ಮೂಗು ಮುಚ್ಚಿಕೊಂಡು ಕಂಡಕ್ಟರ್ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಆ ಅಂಟನ್ನು ಶುದ್ಧಮಾಡಿ ಮಾವಿನಕಾಯಿಗೆ ತೆಳ್ಳಗೆ ಪೊರೆಯ ಹಾಗೆ ಹಚ್ಚಿದರೆ ಹಣ್ಣು ಬೇಗ ಕೊಳೆಯುವುದಿಲ್ಲ ಎಂದು ತೋರಿಸಲು ನಾಲ್ಕು ವರ್ಷ ಹಿಡಿಯಿತು. ಪ್ರಯೋಗದ ಕಾಯಿ ಕ್ರೇಟುಗಳಲ್ಲಿ ಬಂದದ್ದು ಅಪ್ಪನ ಮಾವಿನ ತೋಟದಿಂದಲೇ. ಹಚ್ಚಿದ ಕಾಯಿ, ಹಚ್ಚದ ಕಾಯಿಗಿಂತ ಒಂಬತ್ತು ದಿನ ಹೆಚ್ಚು ಬಾಳಿತು. ಪ್ರಬಂಧ ವಿದೇಶಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಏಳು ವರ್ಷಗಳಲ್ಲಿ ಇನ್ನೂರ ನಲವತ್ತು ಪ್ರಬಂಧಗಳು ಅದನ್ನು ಉಲ್ಲೇಖಿಸಿದವು. ಸಂಶೋಧಕರಿಗೆ ಉಲ್ಲೇಖವೆಂದರೆ ಬರೀ ಹೊಗಳಿಕೆಯಲ್ಲ. ನಿನ್ನ ಪಾಯ ನಂಬಿ ನನ್ನ ಗೋಡೆ ಎಬ್ಬಿಸಿದ್ದೇನೆ ಎಂದು ಇನ್ನೊಬ್ಬರು ಹೇಳಿದ ಹಾಗೆ ಅದು. ವಿಭಾಗದ ಮುಖ್ಯಸ್ಥರಾದ ವೇಣುಗೋಪಾಲ್ ಅದರ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದರು. ಈ ವರ್ಷ ಜುಲೈನಲ್ಲಿ ಪ್ರೊಫೆಸರ್ ಹುದ್ದೆಗೆ ಸಂದರ್ಶನವಿತ್ತು. ಅದಕ್ಕೂ ಆ ಒಂಬತ್ತು ದಿನವೇ ಅವಳ ಬಲ.

ಕಿರಿಕಿರಿ ಎಂದರೆ ಒಂದೇ ಒಂದು ಪತ್ರ. ಫಿಲಿಪ್ಪೀನ್ಸ್ ದೇಶದ ಮರಿವಿಕ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಬರೆದಿದ್ದಳು: ಎರಡು ವರ್ಷದಿಂದ ನಿಮ್ಮ ವಿಧಾನದಲ್ಲೇ ಮಾಡುತ್ತಿದ್ದೇನೆ, ನನಗೆ ನಾಲ್ಕು ದಿನಕ್ಕಿಂತ ಹೆಚ್ಚು ಸಿಗುತ್ತಿಲ್ಲ, ನಾನು ಎಲ್ಲಿ ತಪ್ಪುತ್ತಿದ್ದೇನೆ? ಸರಳಾ ಅವಸರದಲ್ಲಿ ಎರಡೇ ಸಾಲು ಉತ್ತರಿಸಿದ್ದಳು. ಪೊರೆ ಒಣಗಿಸುವ ಉಷ್ಣತೆ ನೋಡಿಕೊಳ್ಳಿ, ಕೈ ಪಳಗಬೇಕು, ಅಷ್ಟೆ.

ಮೇ ತಿಂಗಳ ಮೊದಲ ಭಾನುವಾರ ಸರಳಾ ಊರಿಗೆ ಹೋದಳು. ಮುಳಬಾಗಿಲಿಗೆ ಕೊಟ್ಟಿದ್ದ ತಂಗಿ ಅನಿತಳ ಮನೆಗೆ ಆಂಜಿನಪ್ಪ ಬಾದಾಮಿ ಮಾವಿನಕಾಯಿ ಕೀಳುತ್ತಿದ್ದ. ಆ ಮನೆಯಲ್ಲಿ ಇದಕ್ಕೆ ಮಗಳ ಬುಟ್ಟಿ ಎನ್ನುತ್ತಾರೆ. ಮಂಡಿಗೆ ಹೋಗುವ ಕಾಯನ್ನು ಆಳುಗಳು ಜಗ್ಗಿ ಉದುರಿಸಿದರೂ ನಡೆಯುತ್ತದೆ. ಮಗಳ ಬುಟ್ಟಿಯದನ್ನು ಮಾತ್ರ ಗೇಣುದ್ದ ತೊಟ್ಟಿನ ಸಮೇತ ಬಲೆ ಕಟ್ಟಿದ ಕೋಲಿನಿಂದ ಇಳಿಸಬೇಕು. ಆಮೇಲೆ ತೊಟ್ಟು ಕತ್ತರಿಸಿ, ಸೊನೆ ಸಿಪ್ಪೆಗೆ ತಾಗದಂತೆ ಇಡೀ ರಾತ್ರಿ ರಾಗಿಹುಲ್ಲಿನ ಮೇಲೆ ಬೋರಲು ಹಾಕಬೇಕು. ಬೀಗರ ಮನೆಯಲ್ಲಿ ಒಂದೇ ಒಂದು ಹಣ್ಣು ಕಪ್ಪಾದರೂ ಅಪ್ಪನ ಮರ್ಯಾದೆ ಹೋಯಿತು.

"ಇಷ್ಟೊಂದು ಯಾಕೆ ಒದ್ದಾಡ್ತೀಯ ನಾಯ್ನಾ?" ಎಂದಳು ಸರಳಾ. ಅಪ್ಪನನ್ನು ಅವಳು ಕರೆಯುವುದು ಹಾಗೆ.

"ಇದೇನು ಮಹಾ! ನಿನ್ನ ಔಷಧಿ ಕ್ರೇಟಿಗೂ ಹಿಂಗೇ ಕಿತ್ತಿದ್ನಲ್ಲಮ್ಮಾ. ಕೆಂಪು ಕ್ರೇಟಿನ ಕಾಯಿಗೆ ಔಷಧಿ ಹಚ್ತೀನಿ ಅಂದಿದ್ಯಲ್ಲ."

ಸರಳಾ ಥಟ್ಟನೆ ಕೇಳಿದಳು, "ಮತ್ತೆ ನೀಲಿ ಕ್ರೇಟಿಂದು?"

"ಅದು ಸುಮ್ನೆ ಇಡೋಕೆ ಅಂದಿದ್ದೆ. ಅದನ್ನ ಆಳುಗಳು ಉದುರ್ಸಿದ್ರು. ನಿನ್ನ ಔಷಧಿ ಗೆಲ್ಬೇಕಲ್ವಾ, ಅದಕ್ಕೇ ಕೆಂಪಿಗೆ ಮಾತ್ರ ನಾನೇ ಕಿತ್ತು ಹಾಕ್ದೆ." ಹೇಳುವಾಗ ಅವನ ಮುಖದಲ್ಲಿ ಎಂಥ ಹೆಮ್ಮೆ!

ಅಯ್ಯೋ ದೇವರೇ. ಅಂಟು ಎಷ್ಟು ಮಂದವಿದೆ ಎಂದು ಮೂರು ಸಲ ಅಳೆದವಳು, ಯಾವ ಕಾಯಿ ಯಾವ ಕ್ರೇಟಿಗೆ ಹೇಗೆ ಬಂತು ಎಂದು ಒಂದು ಸಲವೂ ಕೇಳಿರಲಿಲ್ಲ. ಅಪ್ಪನ ತೋಟದ ಕಾಯಿ ತಾನೇ, ಕೇಳುವುದೇನು ಎಂದುಕೊಂಡಿದ್ದಳು. ಉದುರಿದ ಕಾಯಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಪೆಟ್ಟು ತಿಂದು ಬೇಗ ಕೊಳೆಯುತ್ತದೆ. ಹಾಗಾದರೆ ಒಂಬತ್ತು ದಿನದಲ್ಲಿ ಪೊರೆಯದೆಷ್ಟು, ಅಪ್ಪನ ಕೈಯದೆಷ್ಟು?

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ವೇಣುಗೋಪಾಲರ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ನೋಡಮ್ಮ, ನೀನೇನು ಬೇಕು ಅಂತ ಮಾಡಿದ್ದಲ್ಲ. ಜುಲೈ ಕಳೀಲಿ. ಪ್ರೊಫೆಸರ್ ಆದ್ಮೇಲೆ ನಿಧಾನವಾಗಿ ತಿದ್ದಿದ್ರಾಯ್ತು. ಈಗ ಬಾಯಿಬಿಟ್ರೆ ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ."

ಅವರು ಕೆಟ್ಟವರಲ್ಲ, ಅವಳ ಒಳ್ಳೆಯದಕ್ಕೇ ಹೇಳಿದರು. ಸರಳಾಗೂ ಆಸೆ ಇರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಕೋಣೆಗೆ ಬಂದು ಮರಿವಿಕ್‌ಳ ಹಳೆಯ ಪತ್ರವನ್ನೂ ತಾನು ಕೊಟ್ಟ ಉತ್ತರವನ್ನೂ ತೆಗೆದಳು. ಕೈ ಪಳಗಬೇಕು ಎಂಬ ತನ್ನದೇ ಸಾಲು ಓದಿ ನಾಚಿಕೆಯಿಂದ ಮುಖ ಬಿಸಿಯಾಯಿತು. ಆ ಹುಡುಗಿ ಎರಡು ವರ್ಷ ಸರಿಯಾಗೇ ಮಾಡಿ, ತಪ್ಪಿತಸ್ಥಳ ಹಾಗೆ ಬದುಕಿದ್ದಳಲ್ಲ! ಅಲ್ಲೇ ಕೂತು ಅವಳಿಗೆ ಒಂದು ಪತ್ರ, ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದಳು. ತಪ್ಪು ನನ್ನದು, ಈ ಸುಗ್ಗಿಯಲ್ಲೇ ಪ್ರಯೋಗವನ್ನು ಮತ್ತೆ ಮಾಡುತ್ತೇನೆ ಎಂದು.

ಮಾಡಿಯೂ ಮಾಡಿದಳು. ಈ ಸಲ ಕ್ರೇಟುಗಳಿಗೆಲ್ಲ ಒಂದೇ ಬಣ್ಣ. ಯಾವ ಕಾಯಿಗೆ ಪೊರೆ, ಯಾವುದಕ್ಕಿಲ್ಲ ಎಂದು ತೀರ್ಮಾನಿಸಿದ್ದು ಅವಳ ವಿದ್ಯಾರ್ಥಿನಿ ಮೌನಿಕಾ, ಅದೂ ಕೋಲಾರಕ್ಕೆ ಕಾಯಿ ಬಂದ ಮೇಲೆ, ಚೀಟಿ ಎತ್ತಿ. ಪೊರೆಯ ನಿಜವಾದ ಬಲ ನಾಲ್ಕು ದಿನ ಎಂದು ಗೊತ್ತಾಯಿತು. ಮರಿವಿಕ್ ಹೇಳಿದಷ್ಟೇ. ಪೊರೆ ಹಚ್ಚದ ಕಾಯಿಗಳು ಕೂಡ ಹಿಂದಿನ ನೀಲಿ ಕ್ರೇಟಿನವಕ್ಕಿಂತ ಐದು ದಿನ ಹೆಚ್ಚು ತಾಳಿದವು. ತಿದ್ದುಪಡಿ ಅಚ್ಚಾಯಿತು. ಪ್ರೊಫೆಸರ್ ಹುದ್ದೆ ಈ ಸಲ ಇನ್ನೊಬ್ಬರಿಗೆ ಹೋಯಿತು. ಅವಳಿಗೆ ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾದೀತು. ಅದೇ ವಾರ ಮರಿವಿಕ್ ಬರೆದಳು: ಪ್ರಯೋಗಾಲಯದ ಕೆಲಸ ನಿನ್ನ ಕೈಗೆ ಹತ್ತುವುದಿಲ್ಲ ಎಂದಿದ್ದರು ನನ್ನ ಗುರುಗಳು. ನಿಮ್ಮ ಪತ್ರವನ್ನು ಅವರ ಮೇಜಿನ ಮೇಲಿಟ್ಟೆ. ನಾನು ಓದು ಬಿಡುವುದಿಲ್ಲ.

ಸಂಶೋಧನೆಯ ಕಥೆ ಇಷ್ಟೇ. ಆದರೆ ಕಾಯಿ ಕಿತ್ತ ದಿನದ ಮಾತೊಂದು ಬಾಕಿ ಇದೆ, ಅದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ.

ಮೇ ಕೊನೆಯ ಆ ಬೆಳಗ್ಗೆ ಸರಳಾ ಅಪ್ಪನಿಗೆ ಅಳುಕುತ್ತಲೇ ಹೇಳಿದ್ದಳು, "ಇನ್ನೂರು ಕಾಯಿ ಬೇಕು ನಾಯ್ನಾ. ಔಷಧಿ ಯಾವುದಕ್ಕೆ ಅಂತ ಮಾತ್ರ ಈ ಸಲ ಹೇಳಲ್ಲ."

ಆಂಜಿನಪ್ಪನ ಮುಖ ಚಿಕ್ಕದಾಯಿತು. "ಹೆತ್ತಪ್ಪನ ಮೇಲೇ ಅನುಮಾನಾನಾ?"

"ನಿನ್ನ ಮೇಲಲ್ಲ, ನಿನ್ನ ಕೈ ಮೇಲೆ. ಅದು ಯಾವಾಗ್ಲೂ ನನ್ನ ಕಡೆಗೇ ಎಳೀತದೆ."

ಅವನು ಕೋಲು ತೆಗೆದುಕೊಂಡು ತೋಟಕ್ಕೆ ನಡೆದ. ಎಪ್ಪತ್ತೊಂದು ವರ್ಷದ ಮನುಷ್ಯ ಆಳುಗಳನ್ನು ಮರದ ಹತ್ತಿರಕ್ಕೂ ಬಿಡಲಿಲ್ಲ. ಸಂಜೆಯಾಗುವಷ್ಟರಲ್ಲಿ ಇನ್ನೂರು ಕಾಯಿ ತೊಟ್ಟಿನ ಸಮೇತ ಇಳಿದಿದ್ದವು. ಹುಲ್ಲು ಹರಡಿ, ತೊಟ್ಟು ಕತ್ತರಿಸಿ, ಒಂದೊಂದನ್ನೂ ಬೋರಲು ಹಾಕುತ್ತಿದ್ದ. ಸರಳಾ ಗಾಬರಿಯಾಗಿ ಓಡಿ ಬಂದಳು.

"ಇದೇನ್ ನಾಯ್ನಾ, ಇನ್ನೂರನ್ನೂ ಒಬ್ನೇ ಕಿತ್ಯಾ? ಭುಜ ಏನಾಗಿರ್ಬೇಕು!"

"ಇನ್ನೇನ್ ಮಾಡ್ಲಿ? ಯಾವುದು ನಿಂದು ಅಂತ ನೀನು ಹೇಳ್ಲಿಲ್ಲ," ಎಂದ ಆಂಜಿನಪ್ಪ, ತಲೆ ಎತ್ತದೆ. "ಅದಕ್ಕೇ ಎಲ್ಲಾನೂ ನಿಂದೇ ಅಂದ್ಕೊಂಡು ಕಿತ್ತೆ ಕಣಮ್ಮಾ."